ಗಂಡನಿಗೆ ಹುಳುವಿನ ಪಥ್ಯ

ರೇಷ್ಮೆಹುಳು ಸಾಕಿದವಳಿಗೆ ಗಂಡನನ್ನು ಸಾಕುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಹುಳುವಿನ ವಿಷಯಕ್ಕೆ ಬಂದರೆ ಶಿಡ್ಲಘಟ್ಟದ ಸುತ್ತ ಯಾರು ಬೇಕಾದರೂ ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳಬಹುದು. ತಟ್ಟೆ ತುಂಬ ಸಾವಿರ ಹುಳು ಇದ್ದರೂ ಬಾಡಿದ್ದು ಯಾವುದೆಂದು ಕೈಯಾಡಿಸಿಯೇ ಹೇಳಬಲ್ಲೆ. ಈ ಜಂಬವೇ ನನ್ನನ್ನು ತಿಂದಿದ್ದು.

ನಮ್ಮ ಯಜಮಾನರಿಗೆ ಅರವತ್ತು ದಾಟಿದ ಮೇಲೆ ಉಚ್ಚೆ ತೊಂದರೆ ಶುರುವಾಯಿತು. ಹೋಗುವುದು ಹತ್ತು ಸಲ, ಬರುವುದು ನಾಲ್ಕು ಹನಿ. ಹಿತ್ತಲ ಗೋಡೆಯ ಹತ್ತಿರ ನಿಂತರೆ ಕಲ್ಲಿನ ಕಂಬ! ನಾನೇ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು.

"ವಯಸ್ಸಾದ ಗಂಡಸರಿಗೆ ಮೂತ್ರಚೀಲದ ಕೆಳಗೆ ಒಂದು ಗ್ರಂಥಿ ಊದುತ್ತೆ ಕಣಮ್ಮ. ಬೀಡಿ ಬಿಡ್ಲಿ. ಕೊಬ್ಬಿನ ಮಾಂಸ, ಕರಿದಿದ್ದು ಕಮ್ಮಿ ಮಾಡ್ಲಿ. ಸೊಪ್ಪು, ತರಕಾರಿ, ಟೊಮೇಟೊ ತಿನ್ಲಿ. ದಿನಾ ನಡೀಲಿ. ಹಗಲು ನೀರು ಚೆನ್ನಾಗಿ ಕುಡೀಲಿ, ಮಲಗೋ ಮುಂಚೆ ಮಾತ್ರ ಬೇಡ. ಉಚ್ಚೆ ಬಂದ್ರೆ ತಡೀಬಾರ್ದು."

ನಾನು ತಲೆಯಾಡಿಸಿದೆ. ಅವರು ನನ್ನ ಕಡೆ ತಿರುಗಿದರು.

"ಇದೇ ಊಟ, ಇದೇ ನಡಿಗೆ ನಿಮಗೂ ಒಳ್ಳೇದು. ಹೆಂಗಸರು ಎದೇಲಿ ಗಂಟು ಗಿಂಟು ಇದ್ಯಾ ಅಂತ ನೋಡ್ಕೋತಿರ್ಬೇಕು. ಇದ್ರೆ ಬಂದು ಹೇಳ್ಬೇಕು. ನಾಚ್ಕೋಬಾರ್ದು."

"ನಂಗೇನಾಗೈತೆ? ಗುಂಡುಕಲ್ಲು ಇದ್ದಂಗಿವ್ನಿ!" ಎಂದು ಸೆರಗು ಬಿಗಿದು ಹೊರಗೆ ಬಂದೆ.

ಸೆರಗಿನೊಳಗೆ, ಎಡಗಡೆ, ಅವರೆಕಾಳಿನಷ್ಟು ಗಂಟು ಆಗಲೇ ಇತ್ತು. ಗೌರಿಹಬ್ಬದ ಎಣ್ಣೆನೀರಿನ ದಿನ ಕೈಗೆ ಸಿಕ್ಕಿತ್ತು. ಗಂಡಸು ಡಾಕ್ಟರ ಮುಂದೆ ರವಿಕೆ ಬಿಚ್ಚುವುದೇ? ಇನ್ನು ಯಜಮಾನರಿಗೆ ಹೇಳಿದರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ, ಬೇಯಿಸಿ ಹಾಕುವವರು ಯಾರು? ನೋವಿಲ್ಲದ ಗಂಟು, ಬಂದ ಹಾಗೆ ಹೋಗುತ್ತದೆ ಎಂದು ತೀರ್ಪು ಕೊಟ್ಟು ಫೈಸಲ್ ಮಾಡಿದೆ. ಜಡ್ಜೂ ನಾನೇ, ವಕೀಲಳೂ ನಾನೇ!

ಮಾರನೆಯ ದಿನದಿಂದ ಯಜಮಾನರ ಉಚ್ಚೆಯ ಆಡಳಿತವನ್ನು ವಿಧಿವತ್ತಾಗಿ ವಹಿಸಿಕೊಂಡೆ. ಹುಳುಮನೆಗೆ ಬೀಡಿ ಹೊಗೆ ತಾಗಬಾರದು, ಅದು ಎಲ್ಲರಿಗೂ ಗೊತ್ತು. ಗಂಡನಿಗೂ ಅದೇ ಕಾನೂನು ಮಾಡಿದೆ. ಅವರು ಕೊಟ್ಟಿಗೆಯಲ್ಲಿ ಎಮ್ಮೆಯ ಮರೆಯಲ್ಲಿ ಕೂತು ಸೇದಿದರು. ಕಟ್ಟು ಕಿತ್ತು ಒಲೆಗೆ ಹಾಕಿದೆ. ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಕೊಡುವ ಹಾಗೆ ಅವರಿಗೂ ಹೊತ್ತಿಗೆ ಸರಿಯಾಗಿ ತಟ್ಟೆ ಇಟ್ಟೆ. ಎಷ್ಟು ಸಲ ಎದ್ದರೆಂದು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬುದ್ಧಿವಂತೆ. ಗೆರೆಗಳು ಕಡಿಮೆಯಾಗಲಿಲ್ಲ. ಆಗ ನನ್ನ ಮೂರನೇ ಕ್ಲಾಸಿನ ತಲೆ ಓಡಿತು. ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ಸಪ್ಪೆ ರೋಗ ಬರುತ್ತದೆ, ನೀರಾಗಿ ಸಾಯುತ್ತದೆ. ಮಳೆ ಬಂದರೆ ಒಂದೊಂದು ಎಲೆಯನ್ನೂ ಒರೆಸಿ ಹಾಕುತ್ತೇವೆ. ಹಾಗಿದ್ದ ಮೇಲೆ ಉಚ್ಚೆಯ ಮೂಲ ಯಾವುದು? ನೀರು! ನಿಲ್ಲಿಸು ನೀರು!

ಡಾಕ್ಟರು ಹಗಲು ನೀರು ಕುಡಿಯಲಿ ಎಂದಿದ್ದರಲ್ಲ? ಪಾಪ, ಪೇಟೆಯವರು, ಹುಳು ಸಾಕಿದವರಲ್ಲ ಎಂದು ಕ್ಷಮಿಸಿದೆ.

ಸಾರು ಬಂದ್. ಮಜ್ಜಿಗೆ ಬಂದ್. ಮುದ್ದೆ ನುಂಗಲು ಸಾರು ಬೇಕಲ್ಲ, ಅದಕ್ಕೆ ಮುದ್ದೆಯೂ ಬಂದ್. ಒಣ ರೊಟ್ಟಿ, ಹುಚ್ಚೆಳ್ಳು ಪುಡಿ. ಟೊಮೇಟೊ ತಿನ್ನಬೇಕು ಎಂದಿದ್ದರಲ್ಲ, ಅದನ್ನು ಬಟ್ಟೆಯಲ್ಲಿ ಹಿಂಡಿ, ರಸ ತೆಗೆದು, ಸಿಪ್ಪೆ ಬಡಿಸಿದೆ. ರಸವನ್ನು ಎಮ್ಮೆಗೆ ಹಾಕಿದೆ. ಆ ತಿಂಗಳು ನಮ್ಮ ಮನೆಯಲ್ಲಿ ಆರೋಗ್ಯವಾಗಿದ್ದದ್ದು ಎಮ್ಮೆ ಒಂದೇ!

"ಅತ್ತೆ, ಮಾವ ಒಣಗಿ ಹೋಗ್ತವ್ರೆ. ಮಲವಿಸರ್ಜನೆಗೂ ತಿಣುಕ್ತಾವ್ರೆ," ಎಂದಳು ಸೊಸೆ ಸರೋಜ. ಅವಳು ಏಳನೇ ಕ್ಲಾಸು ಓದಿದವಳು, ಅಂಥ ಮಾತೆಲ್ಲ ಬರುತ್ತದೆ.

"ನಿನ್ ಗಂಡನ್ನ ನೀನು ನೋಡ್ಕೋ, ನನ್ ಗಂಡನ್ನ ನಾನು ನೋಡ್ಕೋತೀನಿ," ಎಂದೆ.

ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ದ ದಿನ ಯಜಮಾನರು ತಪ್ಪಿಸಿಕೊಂಡರು. ಹುಡುಕಿದರೆ ಪಕ್ಕದ ಹೋಟೆಲಿನಲ್ಲಿ! ಮುಂದೆ ಮೂರು ಖಾಲಿ ಲೋಟ, ಬೋಂಡದ ಎಲೆ, ಕೈಯಲ್ಲಿ ನಾಲ್ಕನೇ ಲೋಟ ಕಾಫಿ. ನಾನು ಬಾಗಿಲಲ್ಲೇ ನಿಂತು ಕೂಗಿದೆ:

"ಅಯ್ಯೋ ನಿನ್ ಬಾಯಿಗೆ ಮಣ್ಣಾಕ! ಉಚ್ಚೆ ರೋಗ ಇಟ್ಕೊಂಡು ಕಾಫಿ ಕುಡೀತೀಯಾ?"

ಗೂಡು ಮಾರಲು ಬಂದವರು, ಕೊಳ್ಳಲು ಬಂದವರು, ಎಲ್ಲರೂ ತಿರುಗಿ ನೋಡಿದರು. ಮೂಲೆಯಲ್ಲಿದ್ದ ಒಬ್ಬ ಸಾಬರು "ಕ್ಯಾ ಹುವಾ, ಅಮ್ಮಾ?" ಎಂದು ಕೇಳಿದರು. ಅವರಿಗೂ ವಿವರವಾಗಿ ಹೇಳಿದೆ. ಯಜಮಾನರು ತಲೆ ತಗ್ಗಿಸಿ ಎದ್ದು ಬಂದರು. ಇನ್ನು ಅಷ್ಟು ಜನರ ಕಣ್ಣೆದುರು ಯಾವ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಾರೆ? ತಡೆದುಕೊಂಡರು. "ದಿನಾ ನಡೀಬೇಕು ಅಂದವ್ರೆ ಡಾಕ್ಟ್ರು" ಎಂದು ಊರಿನವರೆಗೂ ನಡೆಸಿಕೊಂಡು ಬಂದೆ. ದಾರಿಯುದ್ದಕ್ಕೂ ಹೊಲಕ್ಕೆ ಬಂದವರು, ಹೋಗುವವರು. ಪೂರ್ತಿ ತಡೆದುಕೊಂಡರು.

ಮನೆಗೆ ಬಂದು ಹಿತ್ತಲಿಗೆ ಓಡಿದರು. ಒಂದು ಹನಿ ಬರಲಿಲ್ಲ!

"ಲೇ, ಆಯ್ತಾ ಇಲ್ವೇ... ಹೊಟ್ಟೆ ಒಡೀತೈತೆ ಕಣೇ..." ನಲವತ್ತು ವರ್ಷದಲ್ಲಿ ಅವರು ಅತ್ತಿದ್ದು ನೋಡಿರಲಿಲ್ಲ.

ಬಸ್ಸಿಗೆ ಹೊತ್ತಿತ್ತು. ಚಿಕ್ಕಬಳ್ಳಾಪುರದ ಕಡೆ ಹೊರಟಿದ್ದ ಗೂಡಿನ ಲಾರಿಗೆ ಅಡ್ಡ ನಿಂತೆ. ಮೂಟೆಗಳ ಮೇಲೆ ಮಲಗಿಸಿದೆವು. ಡ್ರೈವರು ಗಾಬರಿಯಾದ.

"ಅಮ್ಮೋ, ಮೂಟೆ ಒದ್ದೆ ಆಗೋಗ್ತೈತೆ!"

"ಆಗ್ಲಪ್ಪ! ಒದ್ದೆ ಆದ್ರೆ ದೇವ್ರಿಗೆ ನೂರೊಂದು ಕಾಯಿ ಒಡೀತೀನಿ!"

ಒದ್ದೆ ಆಗಲಿಲ್ಲ. ಡಾಕ್ಟರು ನಳಿಕೆ ಹಾಕಿದರು. ಬಕೆಟ್ಟಿಗೆ ಬಿದ್ದ ಆ ಸದ್ದಿಗಿಂತ ಇಂಪಾದ ಸಂಗೀತ ನಾನು ಕೇಳಿಲ್ಲ. ಆಮೇಲೆ ಡಾಕ್ಟರು ನನ್ನನ್ನು ಕೇಳಿದರು.

"ನೀರು ಕುಡೀಲಿ ಅಂದಿದ್ದೆ. ಯಾಕಮ್ಮ ನಿಲ್ಲಿಸಿದ್ರಿ?"

"ಹುಳಕ್ಕೆ ಒದ್ದೆ ಸೊಪ್ಪು ಹಾಕಂಗಿಲ್ಲ ಸ್ವಾಮಿ..."

ಅವರು ಕನ್ನಡಕ ತೆಗೆದರು. "ನಿಮ್ಮ ಯಜಮಾನ್ರು ಗೂಡು ಕಟ್ತಾರೇನಮ್ಮ?"

ನರ್ಸಮ್ಮ ನಕ್ಕಳು. ಮಲಗಿದ್ದ ಯಜಮಾನರೂ ನಕ್ಕರು. ನಾನು ಅವರನ್ನು ಸರಿಯಾಗಿ ಒರಗಿಸಲು ಬಗ್ಗಿದೆ. ಅವರ ಮೊಣಕೈ ನನ್ನ ಎದೆಗೆ ತಾಗಿತು. "ಅವ್ವಾ!" ಎಂದು ಅಲ್ಲೇ ಕುಸಿದೆ.

ನರ್ಸಮ್ಮ ಪರದೆಯ ಹಿಂದೆ ಕರೆದುಕೊಂಡು ಹೋದಳು. ಅವರೆಕಾಳು ಈಗ ರೇಷ್ಮೆಗೂಡಿನಷ್ಟಾಗಿತ್ತು. ಅವಳು ನಗುವುದನ್ನು ನಿಲ್ಲಿಸಿದಳು.

"ಎಷ್ಟು ದಿನದಿಂದ ಅಮ್ಮ?"

"ಗೌರಿಹಬ್ಬದಿಂದ." ಆಗ ಯುಗಾದಿ ಹತ್ತಿರ ಬಂದಿತ್ತು.

ಪರದೆಯ ಆಚೆಯಿಂದ ಯಜಮಾನರ ದನಿ ಬಂತು. "ನನ್ ಉಚ್ಚೆಗೆಲ್ಲ ಗೋಡೆ ತುಂಬ ಗೆರೆ ಎಳೆದೋಳು, ಇದನ್ಯಾಕೆ ಹೇಳ್ಲಿಲ್ವೇ ಮುಂಡೇದೇ?"

ನಾನು ರವಿಕೆಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡೆ.

ಬೆಂಗಳೂರಿನಲ್ಲಿ ಎಡಗಡೆಯದನ್ನು ಪೂರ್ತಿ ತೆಗೆದರು. ಮೊದಲೇ ಬಂದಿದ್ದರೆ ಸುಲಭವಾಗುತ್ತಿತ್ತು ಎಂದರು. ಈಗ ತೋಳು ಮೇಲೆ ಏಳುವುದಿಲ್ಲ, ಹುಳುವಿನ ತಟ್ಟೆ ಎತ್ತುವವಳು ಸರೋಜ. ರವಿಕೆಯ ಎಡಗಡೆಗೆ ಹತ್ತಿ ತುಂಬಿಕೊಳ್ಳುತ್ತೇನೆ. ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದಿದ್ದಾರೆ. ಯಜಮಾನರಿಗೂ ಆಪರೇಶನ್ ಆಯಿತು. ಸೊಪ್ಪು, ತರಕಾರಿ, ನೀರು ಎಲ್ಲ ಡಾಕ್ಟರು ಹೇಳಿದ ಹಾಗೆ. ಹಿತ್ತಲಲ್ಲಿ ಅವರ ಸದ್ದು ಬೀದಿಗೆ ಕೇಳಿಸುತ್ತದೆ. ಜಗಲಿಯಿಂದ ದಿನಾ ಕೂಗುತ್ತಾರೆ, "ಟೊಮೇಟೊ ತಿಂದ್ಯೇನೇ?" ಬದುಕಿನಲ್ಲಿ ಮೊದಲ ಸಲ ನನ್ನ ಊಟ ಕೇಳುತ್ತಿದ್ದಾರೆ. ಇಷ್ಟು ಕೇಳಿಸಿಕೊಳ್ಳಲು ಒಂದು ಮೊಲೆ ಕೊಡಬೇಕಾಯಿತು!

ಬಾಡಿದ ಹುಳುವನ್ನು ಮೊದಲು ಆರಿಸಿ ತೆಗೆಯಬೇಕು. ಹುಳುಮನೆಯಲ್ಲಿ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ ಅದು. ನಮ್ಮ ಮನೆಯ ತಟ್ಟೆಯಲ್ಲಿ ಬಾಡಿದ್ದು ಯಾವುದೆಂದು ಗೊತ್ತಾಗಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು. ನಾನೇ ಮೇಲೆ ಸೊಪ್ಪು ಮುಚ್ಚಿದ್ದೆ.

ಮೊನ್ನೆ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಬಂದಳು. "ಅಕ್ಕಾ, ನಮ್ಮೋರ್ಗೂ ಅದೇ ಉಚ್ಚೆ ತೊಂದ್ರೆ. ಏಂ ಪಥ್ಯ ಮಾಡಿದ್ರಿ ಹೇಳಿ."

"ಅವ್ನನ್ನ ಡಾಕ್ಟ್ರ ಹತ್ರ ಕಳ್ಸು. ನೀನು ಮೊದ್ಲು ಒಳಗೋಗಿ ರವಿಕೆ ಬಿಚ್ಚಿ ನೋಡ್ಕೋ," ಎಂದೆ.

ಅವಳು ಬಂದ ಕಾಲಲ್ಲೇ ಓಡಿಹೋದಳು. ಈಗ ಊರಿನಲ್ಲಿ ಇಬ್ಬರು ಹೆಂಗಸರದೇ ಮಾತಂತೆ: ಗಂಡನ ಉಚ್ಚೆ ನಿಲ್ಲಿಸಿದವಳು ಒಬ್ಬಳು, ಕಂಡವರಿಗೆಲ್ಲ ರವಿಕೆ ಬಿಚ್ಚು ಅನ್ನುವವಳು ಇನ್ನೊಬ್ಬಳು.

ಇಬ್ಬರೂ ನಾನೇ.