ಪಟ್ಟದ ಗೊಂಬೆಗಳಿಗೆ ಬರ್ತು, ನನಗೆ ಸೈಕಲ್ಲು

ಆ ದಸರೆಯಲ್ಲಿ ಅರಸೀಕೆರೆಯಿಂದ ಬೇಲೂರಿಗೆ ಹೊರಟವರು ನಾವು ನಾಲ್ಕು ಜನ: ನಮ್ಮಮ್ಮ, ನನ್ನ ಹೆಂಡತಿ ಶಾರದೆ, ಅವಳ ತಮ್ಮ ಚಂದ್ರು, ಮತ್ತು ಹಿಂದೆಯೋ ಮುಂದೆಯೋ ಸೈಕಲ್ ತುಳಿಯುತ್ತ ನಾನು. ಒಂದು ಸಂಸಾರದಲ್ಲಿ ಯಾರ ಸ್ಥಾನ ಎಲ್ಲಿ ಎಂಬುದು ಗೊತ್ತಾಗಬೇಕಾದರೆ ಜಾತಕ ನೋಡಬೇಕಾಗಿಲ್ಲ, ಆ ಸಂಸಾರವನ್ನು ಒಂದು ವ್ಯಾನಿನೊಳಗೆ ತುಂಬಿ ನೋಡಿದರೆ ಸಾಕು. ಸ್ಟೌ ಎಲ್ಲಿಡಬೇಕು, ಉಪ್ಪಿನಕಾಯಿ ಜಾಡಿ ಎಲ್ಲಿಡಬೇಕು ಎಂದು ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳದೆ ಉಳಿಯುವ ಸಾಮಾನೊಂದು ಕೊನೆಗೆ ಬೀದಿಯಲ್ಲಿ ನಿಂತಿರುತ್ತದಲ್ಲ, ಅದೇ ಮನೆಯ ಯಜಮಾನ. "ಜಾಗ ಕೇಳಿ ಪಡೆಯೋನಿಗೆ ಯಾವಾಗಲೂ ಮೂಲೆಯೇ ಗತಿ ಕಣೋ" ಎಂದು ನಮ್ಮ ತಾತ ಹೇಳುತ್ತಿದ್ದರು. ತಾತ ವ್ಯಾನು ಕಂಡವರಲ್ಲ, ಪಾಪ. ಕಂಡಿದ್ದರೆ ಮೂಲೆಯ ಆಸೆಯನ್ನೂ ಬಿಡು ಎನ್ನುತ್ತಿದ್ದರು.

ಇದಕ್ಕೆಲ್ಲ ಕಾರಣ ಹಳೇಬೀಡಿಗೆ ಬಂದಿದ್ದ ಇಬ್ಬರು ಪರದೇಶಿಗಳು. ಗಂಡ ಹೆಂಡತಿ ಒಂದು ವ್ಯಾನಿನಲ್ಲೇ ಮನೆ ಮಾಡಿಕೊಂಡು, ಅದರಲ್ಲೇ ಅಡಿಗೆ, ಅದರಲ್ಲೇ ನಿದ್ದೆ, ವ್ಯಾನಿನ ಬೆನ್ನಿಗೆ ಕಟ್ಟಿದ ಸೈಕಲ್ಲು ಬಿಚ್ಚಿಕೊಂಡು ಸಂಜೆ ಕೆರೆ ಏರಿಯ ಮೇಲೆ ತಿರುಗಾಟ. ಅದನ್ನು ನೋಡಿ ಬಂದ ಚಂದ್ರುವಿಗೆ ಊಟ ಸೇರಲಿಲ್ಲ. ಅವನು ಲಾರಿಗಳಿಗೆ ಬಾಡಿ ಕಟ್ಟುವವನು. ಬನ್ನು ಬಿಸ್ಕತ್ತು ಸಾಗಿಸಿ ಸಾಗಿಸಿ ಮುದಿಯಾಗಿದ್ದ ವ್ಯಾನೊಂದನ್ನು ಎಲ್ಲಿಂದಲೋ ಹೊಂದಿಸಿಕೊಂಡು, ಒಳಗೆ ಎರಡು ಬೆಂಚು, ಒಂದು ಬೀರು, ಹಿಂಬಾಗಿಲಿಗೆ ಹೂವಿನ ಚಿತ್ರದ ಪರದೆ, ಎಲ್ಲ ಮಾಡಿ ಮುಗಿಸಿದ. ಎಷ್ಟು ತೊಳೆದರೂ ಬನ್ನಿನ ವಾಸನೆ ಮಾತ್ರ ಹೋಗಲಿಲ್ಲ. ವ್ಯಾನು ನಿಂತಲ್ಲೆಲ್ಲ ನಾಯಿಗಳು ಬಂದು ಭಕ್ತಿಯಿಂದ ಕೂರುತ್ತಿದ್ದವು. "ಭಾವ, ಎಡಗಡೆ ಬೆಂಚು ನಿಮ್ಮದು. ರೈಲಿನ ಬರ್ತು ಇದ್ದಂಗೆ. ಕಾಲು ಚಾಚಿದರೆ ಬೇಲೂರಲ್ಲಿ ಮಡಚೋದು" ಎಂದ. ನಾನು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ, ದಸರಾ ರಜಕ್ಕೆ ಮೋಟಾರು ಮನೆಯಲ್ಲಿ ಮಲಗಿಕೊಂಡು ದೇಶ ನೋಡುವವನಿದ್ದೇನೆ ಎಂದು ಸಾರಿ ಬಂದೆ. ಊರಿಗೆ ಇನ್ನೂ ಟೀವಿ ಬಂದಿರದ ಕಾಲ. ಜನಕ್ಕೆ ಹೊಟ್ಟೆಕಿಚ್ಚು ಪಡಲು ಬೇರೆ ವಿಷಯವೂ ಇರಲಿಲ್ಲ.

ತಡೆ ಬಂದದ್ದು ಅಮ್ಮನಿಂದ. "ನವರಾತ್ರೀಲಿ ಮನೆ ಬಾಗಿಲು ಹಾಕ್ಕೊಂಡು ಹೋಗೋದೇ? ಗೊಂಬೆ ಕೂರಿಸೋರು ಯಾರು?" ಅಮ್ಮನ ಪಟ್ಟದ ಗೊಂಬೆಗಳೆಂದರೆ ಅಂಥಿಂಥವಲ್ಲ. ಮದುವೆಯಲ್ಲಿ ಅವಳ ತಾಯಿ ಕೊಟ್ಟ ರಕ್ತಚಂದನದ ರಾಜ ರಾಣಿ. ಅಂದಿನಿಂದ ಒಂದು ವರ್ಷವೂ ತಪ್ಪದೆ ಪಾಡ್ಯದ ದಿನ ಕೂತು, ವಿಜಯದಶಮಿ ಮುಗಿಸಿ ಎದ್ದವು. ನಡುವೆ ಒಮ್ಮೆಯೂ ಕದಲಿದವಲ್ಲ. ಕೂರಿಸಿದ ಗೊಂಬೆ ನಡುವೆ ಕದಲಿದರೆ, ಬಿದ್ದರಂತೂ, ಮನೆಗೆ ಒಳ್ಳೆಯದಲ್ಲ ಎಂದು ಅವಳ ನಂಬಿಕೆ. ಅಪ್ಪ ತೀರಿಹೋದ ವರ್ಷವೂ ಅಮ್ಮ ಅವನ್ನು ಪಕ್ಕದ ಮನೆಯ ಮುತ್ತೈದೆಯ ಕೈಲಿ ಕೂರಿಸಿ, ತಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದ್ದಳು. ಅಂಥವಳ ಮುಂದೆ ಪ್ರವಾಸದ ಮಾತು ಯಾವ ಲೆಕ್ಕ? ಆದರೆ ಚಂದ್ರು ಬಿಡುವ ಆಸಾಮಿಯಲ್ಲ.

"ಅತ್ತೆ, ಗೊಂಬೇನ ವ್ಯಾನಲ್ಲೇ ಕೂರಿಸಿ. ಅದೂ ಮನೆಯೇ ಅಲ್ವಾ?"

"ಕೂರಿಸಿದ ಗೊಂಬೆ ಕದಲಬಾರದು ಕಣೋ."

"ಗೊಂಬೆ ಎಲ್ಲಿ ಕದಲುತ್ತೆ? ಮನೆ ಕದಲುತ್ತೆ. ಭೂಮಿಯೇ ತಿರುಗ್ತಾ ಇದೆಯಂತೆ, ಇಷ್ಟು ವರ್ಷ ನಿಮ್ಮ ಗೊಂಬೆ ಅದರ ಜೊತೆ ಸುತ್ತಿಲ್ವಾ?"

ಅಮ್ಮ ಒಂದು ರಾತ್ರಿಯೆಲ್ಲ ಯೋಚಿಸಿ, ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು ತೀರ್ಪು ಕೊಟ್ಟಳು. ಮನೆ ಬೇಕಾದರೆ ಊರೂರು ಸುತ್ತಲಿ, ಗೊಂಬೆ ಕೂತ ಬೆಂಚಿನಿಂದ ಕದಲಬಾರದು. ಕದಲಿದ ಗಳಿಗೆಯೇ ವ್ಯಾನು ಅರಸೀಕೆರೆಗೆ ತಿರುಗಬೇಕು. ಬೆಂಚು ಎಂದಾಗ ನಾನು ಬೆರಳು ಮಡಚಿ ಎಣಿಸಿದೆ. ಮುಂದೆ ಚಂದ್ರುವಿನ ಪಕ್ಕದ ಸೀಟು ಶಾರದೆಯದು, ಬಲಗಡೆಯ ಬೆಂಚು ಅಮ್ಮನದು. ಉಳಿದದ್ದು ನನ್ನ ಬರ್ತು. ಸಂಜೆಯ ಹೊತ್ತಿಗೆ ಅದರ ಮೇಲೆ ಟ್ರಂಕು ಹಲಗೆಗಳ ಮೆಟ್ಟಿಲೆದ್ದು, ಬಿಳಿ ಪಂಚೆ ಹಾಸಿ, ಕಳಶವಿಟ್ಟು, ರಾಜ ರಾಣಿ ಕೂತು, ಕೆಳಗೆ ಶೆಟ್ಟಿ, ಶೆಟ್ಟಿಯ ಹೆಂಡತಿ, ಅವರ ಅಂಗಡಿ, ಎಲ್ಲರಿಗೂ ಜಾಗವಾಗಿತ್ತು. ಅಲುಗದಂತೆ ದಾರದಲ್ಲಿ ಕಟ್ಟೋಣವೆಂದು ಚಂದ್ರು ಹೇಳಿದ್ದಕ್ಕೆ ಅಮ್ಮ, "ರಾಜನಿಗೆ ಹಗ್ಗ ಹಾಕ್ತೀಯಾ? ಅವನೇನು ಕಳ್ಳನಾ?" ಎಂದು ಗದರಿದಳು.

"ನಾನೆಲ್ಲಿ ಕೂರಲಿ?" ಎಂದು ಕೇಳಿದೆ.

"ಭಾವ, ಹಿಂದೆ ಎರಡು ಸೈಕಲ್ ಕಟ್ಟಿದೀನಲ್ಲ!" ಎಂದ ಚಂದ್ರು, ದೊಡ್ಡ ಉಪಕಾರ ಮಾಡಿದವನಂತೆ. ಎರಡನೆಯ ಸೈಕಲ್ಲನ್ನು ಅವನು ಪ್ರವಾಸ ಮುಗಿಯುವ ತನಕ ಬಿಚ್ಚಲಿಲ್ಲ. ಆ ಸೈಕಲ್ಲಿಗೆ ವ್ಯಾನಿನಲ್ಲಿ ಜಾಗವಿತ್ತು, ನನಗಿರಲಿಲ್ಲ.

ಮಾಲೇಕಲ್ಲು ತಿರುಪತಿಯ ಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು ಜಾವಗಲ್ ದಾರಿ ಹಿಡಿದೆವು. ಮಳೆ ಹಿಂದೆಗೆದಿತ್ತು. ರಾಗಿ ಹೊಲಗಳು ತೆನೆ ಹೊತ್ತು ತೂಗುತ್ತಿದ್ದವು, ನಡುನಡುವೆ ಹುಚ್ಚೆಳ್ಳಿನ ಸಾಲು ಹಳದಿ ಹೂ ಬಿಟ್ಟು ನಗುತ್ತಿತ್ತು. ಇದನ್ನೆಲ್ಲ ನಾನು ಬಹಳ ಚೆನ್ನಾಗಿ ನೋಡಿದೆ, ಏಕೆಂದರೆ ನೋಡಲು ಬೇಕಾದಷ್ಟು ಹೊತ್ತಿತ್ತು. ಕಳಶದ ನೀರು ತುಳುಕಬಾರದೆಂದು ಅಮ್ಮನ ಕಟ್ಟಪ್ಪಣೆ. ವ್ಯಾನು ಬಸುರಿಯ ಹಾಗೆ ಹೆಜ್ಜೆ ಎಣಿಸುತ್ತಿತ್ತು. ಎತ್ತಿನ ಗಾಡಿಯವರು ಹಿಂದಿನಿಂದ ಬಂದು, "ಏನ್ ಸ್ವಾಮಿ, ಕೆಟ್ಟೋಗೈತಾ?" ಎಂದು ಕರುಣೆ ತೋರಿಸಿ ಮುಂದೆ ಹೋಗುತ್ತಿದ್ದರು. ನನಗೆ ಗುಂಡಿ ಹುಡುಕುವ ಕೆಲಸ ಸಿಕ್ಕಿತು. ಮುಂದೆ ಸೈಕಲ್ ಹೊಡೆದು, ಗುಂಡಿ ಕಂಡಲ್ಲಿ ಇಳಿದು ಕೈಯೆತ್ತಿ ಗಂಟೆ ಬಾರಿಸಬೇಕು. ಊರು ಬಂದರೆ ಅಮ್ಮನ ಪೂಜೆಗೆ ಹೂವು, ಗೊಂಬೆ ನೋಡಲು ಬರುವ ಮಕ್ಕಳ ಕೈಗೆ ಹಾಕುವ ಚರುಪಿಗೆಂದು ಪುರಿ, ಹುರಿಗಡಲೆ ಹೊಂದಿಸಬೇಕು. ರಾತ್ರಿ ಯಾವುದಾದರೂ ಗುಡಿಯ ಜಗಲಿಯಲ್ಲಿ, ವ್ಯಾನಿನ ಹಿಂದೆ ಬಂದ ನಾಯಿಗಳ ಪಕ್ಕ ಮಲಗಬೇಕು.

ಜಾವಗಲ್ ದಾಟಿದ ಮೇಲೆ ಒಂದು ಚಿಕ್ಕ ಊರು. ಹೊತ್ತು ಮುಳುಗುವ ಮುಂಚೆ ಅರಳಿಕಟ್ಟೆಯ ಪಕ್ಕ ವ್ಯಾನು ನಿಲ್ಲಿಸಿದೆವು. ಅಮ್ಮ ಆರತಿಗೆಂದು ಹಿಂಬಾಗಿಲು ತೆರೆದು, ಪರದೆ ಸರಿಸಿ, ದೀಪ ಹಚ್ಚಿದಳು. ನಾನು ಪುರಿ ತರಲು ಹೋದವನು ಬಂದು ನೋಡುತ್ತೇನೆ, ಕಟ್ಟೆಯ ಸುತ್ತ ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತಿದೆ. ಮುಂದಿನ ಸಾಲಿನಲ್ಲಿ ಊರ ಗೌಡರು, ಟವೆಲ್ ಮಡಿಸಿ ಕುಂಡಿಯಡಿಗೆ ಹಾಕಿಕೊಂಡು ಸಿದ್ಧವಾಗಿದ್ದಾರೆ.

"ಏನಪ್ಪಾ ಸೈಕಲ್ಲಣ್ಣ, ಆಟ ಸುರುವಾಗೋದು ಎಷ್ಟೊತ್ಗೆ?"

"ಯಾವ ಆಟ ಗೌಡ್ರೇ?"

"ಇದೇನ್ಲಾ ಹಿಂಗಂತಾನೆ!" ಎಂದು ಗೌಡರು ಪಕ್ಕದವನ ಕಡೆ ತಿರುಗಿದರು. "ಮುಂದೆ ನೀನೇ ಗಂಟೆ ಹೊಡ್ಕಂಡು ಸಾರ್ತಾ ಬಂದೆ. ಹಿಂದೆ ವ್ಯಾನು ಬಂತು. ಪರದೆ ಐತೆ, ದೀಪ ಐತೆ, ರಾಜ ಅವ್ನೆ, ರಾಣಿ ಅವ್ಳೆ. ಇನ್ಯಾರು ಬರ್ಬೇಕು?"

ನನ್ನ ಗುಂಡಿ ಸೇವೆಯನ್ನು ಅವರು ಆಟದ ಮೇಳದ ಡಂಗುರವೆಂದು ತಿಳಿದಿದ್ದರು. ಸುಗ್ಗಿಗೆ ಮುಂಚೆ ಸೂತ್ರದ ಬೊಂಬೆಯವರು ಬರುವ ಊರು ಅದು. ಇವು ಕುಣಿಯುವವಲ್ಲ, ಕೂರುವವು ಎಂದು ವಿವರಿಸಿದೆ.

"ಕೂತೇ ಇರ್ತಾವಾ?" ಎಂದಳು ಮೊಮ್ಮಗುವನ್ನು ಕಂಕುಳಲ್ಲಿ ಇರಿಸಿಕೊಂಡಿದ್ದ ಮುದುಕಿ. "ಕೈ ಕಾಲು ಏನೂ ಆಡಾಕಿಲ್ವಾ?"

"ನಮ್ಮ ಮೆಂಬರ್ ಇದ್ದಂಗೆ ಬುಡವ್ವಾ" ಎಂದಿತು ಹಿಂದಿನಿಂದ ಒಂದು ದನಿ. ನಗೆಯೆದ್ದಿತು.

"ಕೂತಿರೋದ್ ನೋಡಾಕೆ ನಾವ್ ಹೊಲ ಬುಟ್ಟು ಬಂದ್ವಾ? ತಡೀರಿ, ದಾರ ಸಿಕ್ಕಾಕ್ಕೊಂಡೈತೇನೋ, ನಾನೇ ಎಳೀತೀನಿ" ಎಂದು ಗಟ್ಟಿಮುಟ್ಟಾದ ಒಬ್ಬ ಹಿಂಬಾಗಿಲಿಗೆ ಕಾಲಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ. ವ್ಯಾನು ಒಂದು ಕಡೆಗೆ ವಾಲಿತು. ಕಳಶದ ನೀರು ತುಳುಕಿತು. ಶೆಟ್ಟಿಯ ಅಂಗಡಿಯ ಮಣ್ಣಿನ ಬಾಳೆಗೊನೆ ಉರುಳಿತು. ರಾಜ ಒಮ್ಮೆ ರಾಣಿಯ ಕಡೆ ಬಾಗಿ, ಏನೋ ಗುಟ್ಟು ಹೇಳುವವನಂತೆ ನಿಂತ. ಅಮ್ಮ ಎರಡೂ ತೋಳು ಚಾಚಿ ಮೆಟ್ಟಿಲಿಗೆ ಅಡ್ಡ ನಿಂತಳು. ಅವಳ ಮುಖ ನೋಡಿ ನನ್ನ ಬರ್ತಿನ ಸಂಕಟವೆಲ್ಲ ಮರೆತುಹೋಯಿತು. ಅಷ್ಟು ವರ್ಷದ ವ್ರತ ಇನ್ನೊಬ್ಬ ವ್ಯಾನು ಹತ್ತಿದರೆ ನೆಲಕ್ಕೆ ಬೀಳುವುದರಲ್ಲಿತ್ತು. ಚಂದ್ರು "ಇಳೀರಿ, ಇಳೀರಿ" ಎನ್ನುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ.

ಆಗ ಅಮ್ಮ ಕೂಗಿದಳು: "ಗೊಂಬೆ ಕುಣಿಯಲ್ಲ ಕಣ್ರಪ್ಪಾ! ಕುಣಿಯೋನು ಅಲ್ಲಿ ನಿಂತಿದಾನೆ ನೋಡಿ, ನನ್ನ ಮಗ! ಕೈ ಬಿಟ್ಟು ಸೈಕಲ್ ಹೊಡೀತಾನೆ!"

ಹೊಡೆಯುತ್ತಿದ್ದುದು ನಿಜ, ಹೈಸ್ಕೂಲಿನಲ್ಲಿ. ನನ್ನ ಮುಂದಿನ ಹಲ್ಲು ಅರ್ಧ ಇರುವುದು ಅದರ ನೆನಪಿಗೇ. ಆದರೆ ಆ ಕಾಲದಲ್ಲಿ ಹಳ್ಳಿಹಳ್ಳಿಗೆ ಬಂದು ಹಗಲು ರಾತ್ರಿ ಇಳಿಯದೆ ಸೈಕಲ್ ತುಳಿಯುವ ಸಾಹಸಿಗಳನ್ನು ಆ ಜನ ಕಂಡಿದ್ದರು. ಇಡೀ ಊರು ಒಂದೇ ಸಲ ವ್ಯಾನಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿತು. ವ್ಯಾನು ನೆಟ್ಟಗಾಯಿತು. ಅಮ್ಮ ಅಲ್ಲಿಂದಲೇ ಹುಬ್ಬು ಹಾರಿಸಿ, ಹತ್ತೋ ಎಂದು ಸನ್ನೆ ಮಾಡಿದಳು.

ಹತ್ತಿದೆ. ಅರಳಿಕಟ್ಟೆಗೆ ಒಂದು ಸುತ್ತು ಹಾಕಿದೆ, ಒಂದು ಕೈ ಬಿಟ್ಟೆ, ಆಮೇಲೆ ಎರಡೂ ಬಿಟ್ಟೆ. ಸಿಳ್ಳೆ ಬಿತ್ತು. ಅಲ್ಲಿಗೆ ಇಳಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಗುಮಾಸ್ತನಿಗೆ ಸಿಳ್ಳೆ ಸಿಗುವುದು ಜನ್ಮಕ್ಕೊಮ್ಮೆ. "ಬಿಂದಿಗೆ ಹೊರ್ಲಿ!" ಎಂದರು ಯಾರೋ. ನನ್ನ ಹೆಂಡತಿ, ಅಗ್ನಿಸಾಕ್ಷಿಯಾಗಿ ಕೈ ಹಿಡಿದವಳು, ನಗುತ್ತ ನೀರು ತುಂಬಿದ ಬಿಂದಿಗೆಯನ್ನೇ ತಂದು, ಕಟ್ಟೆಗೆ ಕಾಲೂರಿ ನಿಂತ ನನ್ನ ತಲೆಯ ಮೇಲಿಟ್ಟಳು. ಅರ್ಧ ಸುತ್ತು ಸಾಗಿದೆ. ಬಿಂದಿಗೆ ಎಡಕ್ಕೆ ಹೋಯಿತು, ಸೈಕಲ್ಲು ಬಲಕ್ಕೆ ಹೋಯಿತು, ನಾನು ಎರಡಕ್ಕೂ ನಡುವಿನ ದಾರಿ ಹಿಡಿದು ಗೌಡರ ತಿಪ್ಪೆಗೆ ಹೋದೆ. ಮಳೆಗಾಲದ ಗೊಬ್ಬರ. ಪೆಟ್ಟಾಗಲಿಲ್ಲ.

ಅಂಥ ನಗೆಯನ್ನು ನಾನು ಮತ್ತೆ ಕೇಳಿಲ್ಲ. ಗೌಡರು ಕಣ್ಣೊರೆಸಿಕೊಳ್ಳುತ್ತ ಬಂದು ಕೈ ಹಿಡಿದೆತ್ತಿ, "ಬೊಂಬೆ ಆಟಕ್ಕಿಂತ ಇದೇ ವಾಸಿ ಕಣಪ್ಪಾ. ಇನ್ನೊಂದ್ ಕಿತ ಬೀಳ್ತೀಯಾ? ನಮ್ಮನೆಯವ್ಳು ನೋಡ್ಲಿಲ್ಲ" ಎಂದರು. ಆಮೇಲೆ ಹೆಂಗಸರು ಶಾಂತವಾಗಿ ಬಂದು ಆರತಿಗೆ ಹಾಡಿದರು. ಅಮ್ಮ ಎಲ್ಲರಿಗೂ ಅರಿಸಿನ ಕುಂಕುಮ ಕೊಡಿಸಿ, ಮಕ್ಕಳಿಗೆ ಪುರಿ ಹಂಚಿ, ಕೊನೆಗೆ ರಾಜನ ಪಾದವನ್ನು ಬಗ್ಗಿ ನೋಡಿದಳು. ಬಾಗಿದ್ದ ಅಷ್ಟೆ, ಕೂತ ಜಾಗ ಬಿಟ್ಟಿರಲಿಲ್ಲ. "ಕದಲಿಲ್ಲ" ಎಂದು ಉಸಿರು ಬಿಟ್ಟಳು. ನಾನು ತೊಟ್ಟಿಯ ಹತ್ತಿರ ನಿಂತು ಗೊಬ್ಬರ ತೊಳೆಯುತ್ತಿದ್ದೆ.

ನನ್ನ ಕೀರ್ತಿ ನನಗಿಂತ ಬೇಗ ಸೈಕಲ್ ಹೊಡೆಯಿತು. ಬಸ್ಸಿನ ಕಂಡಕ್ಟರುಗಳ ಕೃಪೆ ಇರಬೇಕು. ಹಳೇಬೀಡಿನ ಬಸದಿಯ ಹತ್ತಿರ ಜೈನರ ಅಂಗಡಿಯೊಂದರಲ್ಲಿ ಕಡಲೆಬೇಳೆ ಕೇಳಿದರೆ, ಅಂಗಡಿಯ ಯಜಮಾನರು ಬಹಳ ವಿನಯದಿಂದ, "ತಪ್ಪು ತಿಳೀಬೇಡಿ, ತಿಪ್ಪೆಗೆ ಬಿದ್ದೋರು ತಾವೇನಾ?" ಎಂದು ಕೇಳಿದರು. ಹೌದೆಂದೆ. ಒಳಗೆ ತಿರುಗಿ, "ಬಾರೇ, ಅವರೇ ಅಂತೆ" ಎಂದು ಹೆಂಡತಿಯನ್ನು ಕರೆದರು. ಆಕೆ ಸಂಜೆ ನೆಂಟರಿಷ್ಟರೊಂದಿಗೆ ಬಂದು, ಗೊಂಬೆಯ ಮುಂದೆ ಹಾಡು ಹೇಳಿ, ಅಮ್ಮನಿಗೆ ನಮಸ್ಕರಿಸಿ, ಶಾರದೆಗೆ ತೆಂಗಿನಕಾಯಿ ಕೊಟ್ಟು, ಹೋಗುವಾಗ ನನ್ನ ಸೈಕಲ್ಲನ್ನೂ ದರ್ಶನ ಮಾಡಿಕೊಂಡು ಹೋದರು.

ವಿಜಯದಶಮಿಯ ಹೊತ್ತಿಗೆ ಬೇಲೂರಿನಲ್ಲಿದ್ದೆವು. ಚೆನ್ನಿಗರಾಯನ ದರ್ಶನವಾಯಿತು, ಬನ್ನಿ ಹಂಚಿದ್ದಾಯಿತು. ನನ್ನ ಮನಸ್ಸೆಲ್ಲ ಬೆಂಚಿನ ಮೇಲಿತ್ತು. ದಶಮಿ ಮುಗಿದರೆ ಗೊಂಬೆ ಏಳುತ್ತವೆ, ಒಂದು ರಾತ್ರಿಯಾದರೂ ಬರ್ತಿನಲ್ಲಿ ಕಾಲು ಚಾಚಬಹುದು. ಸಂಜೆಯೇ ದಿಂಬು ಕಂಕುಳಲ್ಲಿ ಇಟ್ಟುಕೊಂಡು ವ್ಯಾನಿನ ಬಾಗಿಲಲ್ಲಿ ನಿಂತೆ. ಅಮ್ಮ ಶೆಟ್ಟಿಯ ಸಂಸಾರವನ್ನು ಟ್ರಂಕಿಗೆ ಸೇರಿಸಿದಳು. ಮೆಟ್ಟಿಲು ಕಳಚಿದಳು. ಬೆಂಚು ಖಾಲಿಯಾಯಿತು. ಆಮೇಲೆ ಮೆಲ್ಲಗೆ, ಹಾಲು ಕುಡಿದ ಕೂಸನ್ನು ಮಲಗಿಸುವ ಹಾಗೆ, ರಾಜ ರಾಣಿಯನ್ನು ಆ ಬೆಂಚಿನ ನಟ್ಟನಡುವೆ ಮಲಗಿಸಿದಳು.

ದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರೆ, ಮಾರನೆಯ ದಿನವೇ ಅವನ್ನು ಎತ್ತುವುದು. ವರ್ಷವೂ ನೋಡಿದ ಸಂಗತಿಯೇ. ಆದರೆ ಮನೆಯಲ್ಲಿ ಅವು ಮಲಗುವುದು ನನ್ನ ಹಾಸಿಗೆಯ ಮೇಲಲ್ಲವಲ್ಲ, ಹೊಳೆದಿರಲಿಲ್ಲ.

"ನಿನ್ನ ದಿಂಬು ಮೆತ್ತಗಿದೆ, ಕೊಡೋ" ಎಂದಳು ಅಮ್ಮ.

ಕೊಟ್ಟೆ. ಛತ್ರದ ಜಗಲಿಯಲ್ಲಿ ತೋಳನ್ನೇ ದಿಂಬು ಮಾಡಿಕೊಂಡು ಮಲಗಿದೆ. ಹಿಂದಿರುಗುವಾಗಲಾದರೂ ಜಾಗ ಸಿಕ್ಕೀತೆಂದರೆ, ಊರೂರಿನ ಹೆಂಗಸರು ಶಾರದೆಯ ಮಡಿಲಿಗೆ ತುಂಬಿದ ತೆಂಗಿನಕಾಯಿಗಳು ಬೆಂಚಿನ ತುಂಬ ಹರಡಿಕೊಂಡಿದ್ದವು. ತೆಂಗಿನ ಸೀಮೆಯಾದ ಅರಸೀಕೆರೆಗೆ ಹೊರಗಿನಿಂದ ತೆಂಗಿನಕಾಯಿ ಹೇರಿಕೊಂಡು ಬಂದ ಸಂಸಾರ ನಮ್ಮದೊಂದೇ ಇರಬೇಕು. ಕಚೇರಿಯಲ್ಲಿ, ಮೋಟಾರು ಮನೆ ಹೇಗಿತ್ತು ಎಂದು ಕೇಳಿದರು. ಹೊರಗಿನಿಂದ ನೋಡಲು ಬಹಳ ಚೆನ್ನಾಗಿತ್ತು ಎಂದೆ.

ಸಂಕ್ರಾಂತಿಯ ಹೊತ್ತಿಗೆ ಚಂದ್ರು ವ್ಯಾನನ್ನು ಮಾರಿದ. ಕೊಂಡವರು ಮತ್ತೆ ಅದರಲ್ಲಿ ಬನ್ನು ತುಂಬಿದರು.

ಮುಂದಿನ ದಸರೆಗೆ ಅಮ್ಮ ಮನೆಯಲ್ಲೇ ಗೊಂಬೆ ಕೂರಿಸಿದಳು. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿಯ ಅಂಗಡಿಯ ಪಕ್ಕ, ಚಂದ್ರು ಮರದಲ್ಲಿ ಕೆತ್ತಿಕೊಟ್ಟ ಪುಟ್ಟ ವ್ಯಾನೊಂದಿತ್ತು. ಅದರ ಮುಂದೆ ಸೈಕಲ್ಲಿನ ಮೇಲೆ ಒಬ್ಬ ಮನುಷ್ಯ, ಅವನ ಮುಂದೆ ಒಂದು ಹಿಡಿ ಗೊಬ್ಬರದ ಗುಡ್ಡೆ. ನೋಡಲು ಬಂದವರೆಲ್ಲ ಇದ್ಯಾರು ಎಂದು ಕೇಳುತ್ತಿದ್ದರು, ಅಮ್ಮ ಬೇಸರಿಸದೆ ಹೇಳುತ್ತಿದ್ದಳು. ವಿಜಯದಶಮಿಯ ರಾತ್ರಿ ಅವಳು ರಾಜ ರಾಣಿಯನ್ನು ಮಲಗಿಸಿದಳು. ಆಮೇಲೆ ಆ ಮನುಷ್ಯನನ್ನು ಸೈಕಲ್ಲಿನಿಂದ ಬಿಡಿಸಿ, ವ್ಯಾನಿನ ಹಿಂಬಾಗಿಲು ತೆಗೆದು, ಎಡಗಡೆ ಬೆಂಚಿನ ಮೇಲೆ ಮಲಗಿಸಿ, ಪರದೆ ಎಳೆದಳು.