ಪಕ್ಕಕ್ಕೆ ಎಳೆದ ತವಿಯಾ ಮಾವ

ತವಿಯಾ ಮಾವ ಬದುಕಿದ್ದಷ್ಟು ದಿನ ಕ್ಯಾಮೆರಾಕ್ಕೆ ಮುಖ ಕೊಟ್ಟವನಲ್ಲ. ಆದರೆ ಮಾಂಪಾಂಗ್ ಊರಿನಲ್ಲಿ ಸತ್ತ ಮೇಲೆ ಸರ್ಕಲ್ಲಿನಲ್ಲಿ ಎಂಟಡಿ ಬ್ಯಾನರು ಏಳದಿದ್ದರೆ ಸತ್ತದ್ದು ಲೆಕ್ಕಕ್ಕೇ ಇಲ್ಲ. ಮನೆಯೆಲ್ಲ ತಡಕಿದರೂ ಫೋಟೋ ಸಿಗಲಿಲ್ಲ. ಇದ್ದದ್ದು ಒಂದೇ, ಶಾಲೆಯ ಗುಮಾಸ್ತ ಒಪೊಂಗನ ಕಂಪ್ಯೂಟರಿನಲ್ಲಿದ್ದ ಸ್ಕ್ರೀನ್‌ಶಾಟ್.

ತವಿಯಾನ ಸೋದರಸೊಸೆ ಅಚಿಯಾಳಿಗಾಗಿ ಒಪೊಂಗ್ ಎರಡು ವರ್ಷದಿಂದ ಒದ್ದಾಡುತ್ತಿದ್ದ. ಹೆಣ್ಣು ಕೊಡುವ ಅಧಿಕಾರ ಸೋದರಮಾವನದು. ವಿಡಿಯೊ ಕಾಲಿನಲ್ಲಿ ಕೇಳಿದ್ದಕ್ಕೆ ತವಿಯಾ ಅರ್ಧ ಗಂಟೆ ಬೈದಿದ್ದ. ನಡುವೆ ಮುದುಕ ಉಸಿರಿಗೆಂದು ಬಾಯಿ ಮುಚ್ಚಿದ ಆ ಒಂದು ಕ್ಷಣವನ್ನು ಒಪೊಂಗ್ ಹಿಡಿದಿಟ್ಟುಕೊಂಡಿದ್ದ.

ಈಗ ಅಧಿಕಾರ ತವಿಯಾನ ತಮ್ಮ ಬೊನ್ಸುವಿನ ಕೈಗೆ ಬಂದಿತ್ತು. ಅಣ್ಣ ಕಡ್ಡಿಯಾದರೆ ತಮ್ಮ ಕಣಜ.

"ಬ್ಯಾನರು ಜೋರಾಗಿ ಬರ್ಲಿ. ಸಾಯಂಕಾಲ ಶ್ನಾಪ್ಸ್ ತಗೊಂಡು ಬಾ, ಇಸ್ಕೋತೀನಿ," ಎಂದ ಬೊನ್ಸು. ಹೆಣ್ಣಿನ ಮನೆಯ ಹಿರಿಯ ಆ ಮದ್ಯದ ಬಾಟಲಿ ಇಸ್ಕೊಂಡರೆ ಮದುವೆ ಆದಂತೆಯೇ. ಒಪೊಂಗ್ ಬೆಳಗ್ಗೆಯೇ ಓಡಿಹೋಗಿ ಎರಡು ಬಾಟಲಿ ಕೊಂಡಿಟ್ಟ.

ಅಂಗೈಯಗಲದ ಚಿತ್ರವನ್ನು ಎಂಟಡಿಗೆ ಹಿಗ್ಗಿಸಿದಾಗ ಕಣ್ಣು ಮೂಗು ಮಂಜಾದವು. ಅದನ್ನು ಯಾರೂ ಗಮನಿಸಲಿಲ್ಲ. ಒಪೊಂಗನ ಹೆಗಲ ಮೇಲೆ ಬಗ್ಗಿ ನಿಂತಿದ್ದ ಹನ್ನೊಂದು ಜನ ನೆಂಟರಿಗೆ ಕಂಡದ್ದು ಬತ್ತಿದ ಕೆನ್ನೆ ಮಾತ್ರ.

"ನಮ್ಮಣ್ಣ ಉಪವಾಸ ಸತ್ತ ಅಂತ ಊರು ಆಡ್ಕೋಬೇಕಾ?" ಎಂದ ಬೊನ್ಸು. "ಪಕ್ಕಕ್ಕೆ ಎಳಿ."

ಮೂಲೆ ಹಿಡಿದು ಎಳೆದರೆ ಮಾತ್ರ ಅಳತೆ ಕೆಡುವುದಿಲ್ಲ ಎಂದು ಒಪೊಂಗ್ ವಿನಯದಿಂದ ತಿಳಿಸಿದ. ಹೆಣ್ಣು ಬೇಕೋ ಅಳತೆ ಬೇಕೋ ಎಂದು ಬೊನ್ಸು ಅಷ್ಟೇ ವಿನಯದಿಂದ ಕೇಳಿದ. ಒಪೊಂಗ್ ಪಕ್ಕಕ್ಕೆ ಎಳೆದ.

ನೆಂಟರ ಪೈಕಿ ಅಜೇಯ್ವಾ ಅತ್ತೆಗೆ ಅದೂ ಸಾಲಲಿಲ್ಲ. ನಾಲ್ಕು ಹೊತ್ತು ಫುಫು ಮುದ್ದೆ ನುಂಗಿದವನ ಕತ್ತು ಇಷ್ಟುದ್ದ ಇರುತ್ತದೆಯೇ ಎಂದಳು. ತವಿಯಾ ಬದುಕಿದ್ದಾಗ ಒಂದು ಹೊತ್ತೂ ಬಡಿಸಿದವಳಲ್ಲ. ಒಪೊಂಗ್ ಮೇಲಿನಿಂದ ಅದುಮಿದ. ಇನ್ನೊಬ್ಬ ಭುಜ ಅಗಲ ಮಾಡಿಸಿದ, ಮತ್ತೊಬ್ಬ ಹೊಟ್ಟೆ ಬರಿಸಿದ. ಕೊನೆಗೆ ಹೆಸರು ಬರೆಯಲು ಜಾಗವೇ ಉಳಿಯಲಿಲ್ಲ.

"ಊರಿಗೆಲ್ಲ ಗೊತ್ತಿರೋ ಮುಖಕ್ಕೆ ಹೆಸರ್ಯಾಕೆ?" ಎಂದ ಬೊನ್ಸು. ಚಿತ್ರ ನೋಡಿ ಅವನ ಕಣ್ಣು ತುಂಬಿತು. ಏನೋ ತುಂಬ ಹತ್ತಿರದವರನ್ನು ಕಂಡಂತಾಗುತ್ತದೆ ಎಂದ.

ಮಧ್ಯಾಹ್ನ ಬ್ಯಾನರು ಏರಿತು. ಸಂಜೆ ಬೊನ್ಸು ಅದನ್ನು ಕಣ್ತುಂಬ ನೋಡಿ ಬರಲು ಸರ್ಕಲ್ಲಿಗೆ ಹೊರಟ. ಟೊಮೆಟೊ ಮಾರುವ ಹೆಂಗಸರು ಅವನನ್ನು ಕಂಡು ಬುಟ್ಟಿ ಬಿಟ್ಟು ಓಡಿದರು. ಕ್ಷೌರದವನು ಕತ್ತರಿ ಎಸೆದು ಮೇಜಿನಡಿ ಸೇರಿದ. ಕಪ್ಪು ಬಟ್ಟೆ ಹೊದ್ದು ಪಕ್ಕದೂರಿನಿಂದ ಅಳುತ್ತ ಬಂದಿದ್ದ ಹಳೆಯ ಗೆಳೆಯನಂತೂ ಇವನ ಕೈ ಮುಟ್ಟಿ ಅಲ್ಲೇ ಬಿದ್ದ. ಬೊನ್ಸು ತಲೆಯೆತ್ತಿ ನೋಡಿದ. ಎಂಟಡಿಯ ಬೊನ್ಸು ಅವನನ್ನು ನೋಡಿದ.

ಒಪೊಂಗ್ ಹೊಸ ಅಂಗಿ ತೊಟ್ಟು, ಎರಡು ಬಾಟಲಿ ಹಿಡಿದು ಬಂದಾಗ ನೆಂಟರೆಲ್ಲ ಅಂಗಳದಲ್ಲಿ ಸೇರಿದ್ದರು. ಹನ್ನೊಂದು ಬೆರಳು ಒಟ್ಟಿಗೆ ಅವನತ್ತ ತಿರುಗಿದವು. ಎಳೆಯಬೇಡ ಎಂದು ಅಜೇಯ್ವಾ ಬೆಳಗ್ಗೆಯಿಂದ ಬಡಿದುಕೊಂಡಿದ್ದಳಂತೆ. ಬಾಗಿಲಲ್ಲಿ ನಿಂತಿದ್ದ ಅಚಿಯಾ ಮುಖ ಮುಚ್ಚಿಕೊಂಡಳು. ಆದರೂ ಒಪೊಂಗ್ ಬಾಟಲಿ ಮುಂದೆ ಹಿಡಿದ.

ಬೊನ್ಸು ಅಣ್ಣನಂತೆ ಬೈಯಲಿಲ್ಲ. ತಣ್ಣಗೆ ಹೇಳಿದ: "ಇಸ್ಕೋತೀನಿ ಅಂದಿದ್ದೆ ನಿಜ ಕಣಪ್ಪಾ. ಆದ್ರೆ ಸತ್ತವರ ಕೈಗೆ ಶ್ನಾಪ್ಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ನೆಲಕ್ಕೆ ಸುರೀತಾರೆ. ಸುರಿ."

ಒಪೊಂಗ್ ಎರಡೂ ಬಾಟಲಿ ಸುರಿದ.