ಐದು ತಾಸಿನ ಲಂಡನ್

ಎಲ್ಲಿಂದ ಎಲ್ಲಿಗೆ ಹೋಗಲು ಎಷ್ಟು ಹೊತ್ತು ಬೇಕೆಂದು ಯಾರಾದರೂ ಕೇಳಿದರೆ ‘ಗೊತ್ತಿಲ್ಲ’ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಮಾಲು ಕಳಿಸುವ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಭೋರ್ ಊರಿಗೆ ಹೋದ ಟೆಂಪೊ ಅರ್ಧ ತಾಸು ತಡವಾದರೆ ಚಾಲಕ ಎಲ್ಲಿ ಚಹಾಕ್ಕೆ ನಿಂತಿದ್ದನೆಂದು ಕೂತಲ್ಲೇ ಹೇಳುತ್ತೇನೆ. ಚಾಲಕರು ನನ್ನೆದುರು ಹೌದೆನ್ನುತ್ತಾರೆ. ಬೆನ್ನ ಹಿಂದೆ ಏನೆನ್ನುತ್ತಾರೋ, ಕೇಳಿಸಿಕೊಳ್ಳಲು ಹೋಗಿಲ್ಲ.

ನನ್ನ ಹೆಂಡತಿಯ ತಂಗಿ ಶೋಭಾ ನರ್ಸ್ ಕೆಲಸಕ್ಕೆಂದು ಲಂಡನ್ನಿಗೆ ಹೊರಟದ್ದು ನಮ್ಮ ಪುಣೆಯ ಮನೆಯಿಂದಲೇ. ವಿಮಾನ ಹತ್ತುವುದು ಅವಳಿಗೆ ಅದೇ ಮೊದಲು. ಭಾನುವಾರ ಬೆಳಗಾಗುವ ಮೊದಲೇ ಮುಂಬಯಿಗೆ ಟ್ಯಾಕ್ಸಿ ಹತ್ತಿದಳು. ಅವಳ ಸಾಮಾನು ಕಟ್ಟಿದ್ದಕ್ಕೆ ಸಾಕ್ಷಿಯಾಗಿ ಚಟ್ನಿಗೆ ಕುಟ್ಟಿದ ಶೇಂಗಾ ಹಿಂಡಿ, ಚುರುಮುರಿ, ದಾರದ ತುಂಡು ಮನೆತುಂಬ ಬಿದ್ದಿದ್ದವು. ಹೆಂಡತಿಯ ತವರು ಕಲಬುರಗಿ ಕಡೆ. ದೂರ ಹೋದವರು ಊರು ಮುಟ್ಟುವ ತನಕ ಮನೆ ಗುಡಿಸಬಾರದು, ಗುಡಿಸಿದರೆ ಹೋದವರಿಗೆ ಕೇಡು ಎಂಬುದು ಅವರ ಮನೆಯ ಕಟ್ಟುನಿಟ್ಟು. ಆದರೆ ಅಂದು ನಾಲ್ಕು ಗಂಟೆಗೆ ನನ್ನ ಮೇಲಧಿಕಾರಿ ಸಪತ್ನೀಕರಾಗಿ ಮೊದಲ ಸಲ ಮನೆಗೆ ಬರುವವರಿದ್ದರು. ಇಂಥ ಮೂಢನಂಬಿಕೆಗೆ ನಾನು ಸೊಪ್ಪು ಹಾಕುವವನಲ್ಲ. ಹಾಗೆಂದು ಹೆಂಡತಿಯೆದುರು ಹೇಳುವವನೂ ಅಲ್ಲ.

ಮೊಬೈಲಿನಲ್ಲಿ ಶೋಭಾಳ ಟಿಕೆಟ್ ತೆರೆದು ನೋಡಿದೆ. ಮುಂಬಯಿ ಬಿಡುವುದು ಬೆಳಿಗ್ಗೆ ಹತ್ತಕ್ಕೆ, ಲಂಡನ್ ಮುಟ್ಟುವುದು ಮಧ್ಯಾಹ್ನ ಮೂರಕ್ಕೆ. ಐದೇ ತಾಸು, ಮೂರಕ್ಕೆ ಗುಡಿಸಬಹುದು ಎಂದೆ.

“ಕಲಬುರಗಿಗೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡೀತದಲ್ರೀ?”

ವಿಮಾನಕ್ಕೆ ಟೋಲ್ ಇಲ್ಲ, ಘಾಟ್ ಇಲ್ಲ, ಊಟಕ್ಕೆ ಢಾಬಾದಲ್ಲಿ ನಿಲ್ಲುವುದಿಲ್ಲ ಎಂದು ತಿಳಿಹೇಳಿದೆ. ದೂರ ಏಳು ಸಾವಿರ ಚಿಲ್ಲರೆ ಕಿಲೋಮೀಟರ್ ಎಂದೂ ಸೇರಿಸಿದೆ. ಅದನ್ನು ಐದರಿಂದ ಭಾಗಿಸಿ ನೋಡಬೇಕೆಂದು ಮಾತ್ರ ಹೊಳೆಯಲಿಲ್ಲ. ಟೆಂಪೊದವನು ಇಂಥ ಲೆಕ್ಕ ಕೊಟ್ಟಿದ್ದರೆ ಅಲ್ಲೇ ಕುತ್ತಿಗೆ ಹಿಡಿಯುತ್ತಿದ್ದೆ. ಮೂರಾಯಿತು, ಶೋಭಾಳ ಫೋನ್ ಬರಲಿಲ್ಲ. ಅಲ್ಲಿಯ ಸಿಮ್ ಹಾಕಿಕೊಳ್ಳುವುದು ಬೇಡವೇ ಎಂದೆ. ಹೆಂಡತಿ ನನ್ನ ಮಾತು ನಂಬಿ ಮೂಲೆಮೂಲೆ ಗುಡಿಸಿದಳು.

ಅತಿಥಿಗಳು ಬಂದರು. ಚಹಾ ಕೊಡುತ್ತ ಹೆಂಡತಿ ಮರಾಠಿಯಲ್ಲಿ, ತಂಗಿ ಐದು ತಾಸಿನಲ್ಲಿ ಲಂಡನ್ ಮುಟ್ಟಿದಳೆಂದು ಹೆಮ್ಮೆಯಿಂದ ಹೇಳಿದಳು. ಅಧಿಕಾರಿಯ ಪತ್ನಿ ನಕ್ಕು, ಟಿಕೆಟ್ಟಿನಲ್ಲಿರುವ ಮೂರು ಗಂಟೆ ಅಲ್ಲಿಯ ಗಡಿಯಾರದ್ದು, ಅದು ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದಿದೆ, ನಿಮ್ಮ ತಂಗಿ ಇಳಿಯುವುದು ನಮ್ಮ ಏಳೂವರೆಗೆ ಎಂದರು. ಮೇಲಧಿಕಾರಿ ನನ್ನನ್ನೊಮ್ಮೆ ನೋಡಿ, ಬಿಸ್ಕತ್ತು ಚೆನ್ನಾಗಿದೆ ಎಂದರು.

ಅವರು ಹೋದ ಮೇಲೆ ಹೆಂಡತಿ ಫೋನನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಹುಡುಗಿ ಇನ್ನೂ ಯಾವುದೋ ಸಮುದ್ರದ ಮೇಲೆ ಆಕಾಶದಲ್ಲಿದ್ದಾಳೆ, ಇಲ್ಲಿ ಮನೆ ಫಳಫಳ ಹೊಳೆಯುತ್ತಿದೆ. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಏಳು ಗಂಟೆಗೆ ಸದ್ದಿಲ್ಲದೆ ಕಸದ ಡಬ್ಬಿ ಎತ್ತಿ ತಂದು, ಅದರಲ್ಲಿದ್ದ ಹಿಂಡಿ, ಚುರುಮುರಿ, ದಾರವನ್ನು ಹಿಡಿಹಿಡಿಯಾಗಿ ನಡುಮನೆಯಲ್ಲಿ ಹರಡತೊಡಗಿದೆ. ತಲೆಯೆತ್ತಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಸೋಫಾದ ಬುಡಕೂ ಗುಡಿಸೀನ್ರಿ,” ಎಂದಳು. “ಅಲ್ಲೂ ಒಂದೀಟು ಹಾಕ್ರಿ.”

ಏಳೂ ಮುಕ್ಕಾಲಿಗೆ ಶೋಭಾ ಸುಖವಾಗಿ ಇಳಿದೆನೆಂದು ಫೋನ್ ಮಾಡಿದಾಗ ನಾನಿನ್ನೂ ಸೋಫಾದ ಕೆಳಗೇ ಇದ್ದೆ.